ಆಸರಿಗೆ ಕುಡಿಯದ ಅಭ್ಯರ್ಥಿ

ನಿನ್ನೆ ನಮ್ಮ ಮನೆಯ ಜಗಲಿಯ ಮೇಲೆ ಒಂದು ಲೋಟ ಹಾಗೇ ಉಳಿಯಿತು. ಮುರುಗಲು ಹಣ್ಣಿನ ಪಾನಕ. ಬೆಲ್ಲ ಹಾಕಿ, ಮೇಲೆ ಚೂರು ಜೀರಿಗೆ ಪುಡಿ ಉದುರಿಸಿ ನನ್ನ ಹೆಂಡತಿ ಮಾಡಿದ್ದು. ಮತ ಕೇಳಲು ಬಂದ ಯುವ ಅಭ್ಯರ್ಥಿಗೆಂದು ತಂದಿಟ್ಟಿದ್ದಳು. ಆತ ನಮ್ಮ ಸಂಸ್ಕೃತಿ, ನಮ್ಮ ಹಿರಿಯರು, ಅತಿಥಿ ಸತ್ಕಾರ ಎಂದೆಲ್ಲ ಚೆನ್ನಾಗಿಯೇ ಮಾತಾಡಿದ. ಮಾತಾಡಿ ಗಂಟಲು ಒಣಗಿದಾಗ ಕಾರಿನಿಂದ ತಂದಿದ್ದ ಸೀಲು ಬಾಟಲಿಯ ಮುಚ್ಚಳ ತಿರುಗಿಸಿ ಎರಡು ಗುಟುಕು ಕುಡಿದ. ನಮ್ಮ ಲೋಟಕ್ಕೂ ಒಂದು ಮತ ಇದೆಯೇನೋ ಎಂಬಂತೆ ಅದರ ಕಡೆಗೂ ಕೈಮುಗಿದು ಹೊರಟುಹೋದ.

ಸಣ್ಣ ವಿಷಯ. ಬಿಸಿಲಲ್ಲಿ ಊರೂರು ತಿರುಗುವವರು ಕಂಡಕಂಡಲ್ಲಿ ಕುಡಿದರೆ ಹೊಟ್ಟೆ ಕೆಡುತ್ತದೆ, ನಿಜ. ಆದರೂ ನನಗೆ ಬೇಜಾರಾಯಿತು. ನಿವೃತ್ತನಾದ ಮೇಲೆ ಬೇಜಾರು ಮಾಡಿಕೊಳ್ಳಲು ಪುರುಸೊತ್ತೂ ಹೆಚ್ಚು. ಆ ಲೋಟದ ಎದುರು ಕೂತಿರುವಾಗ ಗಜು ಭಾವ ನೆನಪಾದ.

ಅವನ ವಿಷಯಕ್ಕೆ ಹೋಗುವ ಮೊದಲು ನಮ್ಮ ಕಡೆಯವರಲ್ಲದ ಓದುಗರಿಗೆ ಒಂದು ಮಾತು. ಆಸರು ಎಂದರೆ ದಾಹ, ದಣಿವು ಎರಡೂ ಹೌದು. ಕುಮಟಾ, ಹೊನ್ನಾವರದ ಕಡೆ ಮನೆಗೆ ಯಾರೇ ಬರಲಿ, ಕೂತ ಕೂಡಲೇ ‘ಆಸರಿಗೆ ಎಂತ ಬೇಕು?’ ಎಂದು ಕೇಳುತ್ತಾರೆ. ಬೆಲ್ಲ-ನೀರಾಗಲಿ, ಮಜ್ಜಿಗೆಯಾಗಲಿ, ಚಹವಾಗಲಿ, ಏನಾದರೊಂದು ಬಾಯಿಗೆ ಬಿದ್ದ ಮೇಲೆಯೇ ಮುಂದಿನ ಮಾತು. ಬೇಲಿ ತಕರಾರಿಗೆಂದು ಬಂದ ಪಕ್ಕದ ಮನೆಯವನಿಗೂ ಮೊದಲು ಆಸರಿಗೆ, ಆಮೇಲೆ ಜಗಳ.

ಗಜಾನನ ನನ್ನ ಹೆಂಡತಿಯ ಅಣ್ಣ, ಮಿರ್ಜಾನದ ಹತ್ತಿರದವನು. ಅವನು ನನಗೆ ಭಾವ, ನಾನು ಅವನಿಗೆ ಭಾವ, ಹಾಗಾಗಿ ನಮ್ಮಿಬ್ಬರ ಜಗಳ ಕೇಳುವವರಿಗೆ ಯಾರು ಯಾರನ್ನು ಬೈಯುತ್ತಿದ್ದಾರೆಂದು ತಿಳಿಯುವುದಿಲ್ಲ. ಎರಡು ಚುನಾವಣೆಗಳ ಹಿಂದೆ ಅವನು ವಿಧಾನಸಭೆಗೆ ಪಕ್ಷೇತರನಾಗಿ ನಿಂತ. ನಾನು ಆಗಷ್ಟೇ ಭಟ್ಕಳದ ಟೆಲಿಫೋನ್ ಕಚೇರಿಯ ಕೆಲಸ ಮುಗಿಸಿ ಕುಮಟೆಗೆ ಬಂದಿದ್ದೆ, ಒಂದು ಹಳೆಯ ಕಾರೂ ಇತ್ತು. ಕಾರಿರುವ ಭಾವನಿಗೆ ಪ್ರಚಾರ ಸಮಿತಿಯಲ್ಲಿ ಸ್ಥಾನ ಕೇಳದೆಯೇ ಸಿಗುತ್ತದೆ.

ಗಜು ಭಾವನ ವಿಚಾರಗಳೆಲ್ಲ ಹಳೆಯವು, ಅದನ್ನು ಅವನೇ ಹೆಮ್ಮೆಯಿಂದ ಹೇಳುತ್ತಿದ್ದ. ಭೂಮಿಯನ್ನು ರೆಸಾರ್ಟಿನವರಿಗೆ ಮಾರಬಾರದು. ದೇವಸ್ಥಾನ ಊರವರ ಕೈಯಲ್ಲಿರಬೇಕು, ಸರ್ಕಾರದ ಕೈಯಲ್ಲಲ್ಲ. ಸಾರಾಯಿ ಅಂಗಡಿಗೆ ಪರವಾನಿಗೆ ಕೂಡದು. ಕೂಡುಕುಟುಂಬ ಒಡೆದದ್ದರಿಂದಲೇ ದೇಶ ಒಡೆಯುತ್ತಿದೆ. ಹೆಣ್ಣುಮಕ್ಕಳು ಓದಲಿ, ಆದರೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಲಿ. ಈ ಕೊನೆಯದನ್ನು ಅವನು ಭಾಷಣದಲ್ಲಿ ಹೇಳಿದ ಸಂಜೆಯೇ, ಹೊನ್ನಾವರದ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿದ್ದ ಅವನ ಮಗಳು ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಮನೆ ಸೇರಿದಳು. ನಾನು ಅವನ ಮುಖ ನೋಡಿದೆ.

“ಬಸ್ಸು ತಡ ಆದ್ರೆ ಅದು ಸರ್ಕಾರದ ತಪ್ಪು ಭಾವ,” ಎಂದ.

ಚುನಾವಣಾ ಚಿಹ್ನೆಯಾಗಿ ಅವನ ಪಾಲಿಗೆ ಬಂದದ್ದು ಗ್ಯಾಸ್ ಸಿಲಿಂಡರ್. ಗ್ಯಾಸಿನಲ್ಲಿ ಬೆಂದ ಅನ್ನ ನೈವೇದ್ಯಕ್ಕೆ ಆಗದು ಎಂದು ತನ್ನ ಅಡುಗೆಮನೆಯ ಹೊಸ್ತಿಲನ್ನೂ ಸಿಲಿಂಡರಿಗೆ ದಾಟಿಸದವನು, ಊರ ಗೋಡೆಗಳ ಮೇಲೆಲ್ಲ ಅದನ್ನೇ ಬರೆಸಬೇಕಾಯಿತು. “ದೇವ್ರಿಗೂ ಚೇಷ್ಟೆ ಇದ್ದು,” ಎಂದು ನಕ್ಕ. ನಗುವುದು ಅವನಿಗೆ ಬರುತ್ತಿತ್ತು. ಅದಕ್ಕೇ ಅವನ ಜೊತೆ ತಿರುಗುವುದು ನನಗೆ ಕಷ್ಟವಾಗಲಿಲ್ಲ. ಅವನ ಮಾತಿನಲ್ಲಿ ಅರ್ಧ ನನಗೆ ಒಪ್ಪಿಗೆಯಾಗುತ್ತಿರಲಿಲ್ಲ. ಆದರೆ ಹೇಳಿದ್ದನ್ನೆಲ್ಲ ಅವನು ನಡೆಸುತ್ತಿದ್ದ. ಯಾಕೆ ನಿಂತೆ ಎಂದು ಕೇಳಿದರೆ, “ಹೇಳ್ವವು ರಾಶಿ ಜನ ಇದ್ದ ಭಾವ, ನಡ್ಕಂಬವು ಇಲ್ಲೆ,” ಅನ್ನುತ್ತಿದ್ದ.

ನಡೆಸಿಕೊಂಡು ಬಂದದ್ದರಲ್ಲಿ ಒಂದು ನೀರಿನ ನೇಮ. ಅವನು ಹೈಸ್ಕೂಲಿನಲ್ಲಿದ್ದಾಗ ತಂದೆ ತೀರಿಕೊಂಡರು. ತಾಯಿ ಎಮ್ಮೆ ಕಟ್ಟಿ, ತೋಟ ನೋಡಿಕೊಂಡು ಮಕ್ಕಳನ್ನು ಸಾಕಿದರು. ಅದರ ಮರುವರ್ಷ ಇವನಿಗೆ ವಿಷಮಜ್ವರ ಬಂದು ಬದುಕುವುದೇ ಅನುಮಾನವಾಯಿತು. ಎದ್ದು ಕೂತ ದಿನ ಆಯಿ, ಅಂದರೆ ಅವನ ತಾಯಿ, ದೇವರ ಮುಂದೆ ಮಾತು ತೆಗೆದುಕೊಂಡರು: ಇನ್ನು ಹೊರಗಿನ ನೀರು ಕುಡಿಯಬಾರದು. ಹೊನ್ನಾವರದ ಕಾಲೇಜಿಗೂ ಅವನು ಮನೆಯ ನೀರನ್ನೇ ಹೊತ್ತ.

ಆಯಿ ಹೇಳಿದ್ದು ‘ಹೊರಗಿನ ನೀರು’ ಎಂದಷ್ಟೇ. ಹೊರಗೆ ಎಂದರೆ ಎಲ್ಲಿಂದ ಶುರು ಎಂದು ಅವರು ಗೆರೆ ಹಾಕಿರಲಿಲ್ಲ. ಗೆರೆ ಹಾಕಿಕೊಂಡವನು ಇವನು. ನೆಂಟರ ಮನೆ ಒಳಗೆ, ನಮ್ಮ ಜನರ ಮನೆಗಳೆಲ್ಲ ಒಳಗೆ. ಉಳಿದ ಊರು, ಕೇರಿ, ಪೇಟೆ ಎಲ್ಲ ಹೊರಗೆ. ಜ್ವರದ ಪಥ್ಯ ಯಾವಾಗ ಜಾತಿಯ ಮಡಿಯಾಯಿತೋ ಅವನಿಗೇ ಗೊತ್ತಿದ್ದಂತಿರಲಿಲ್ಲ.

“ಜ್ವರಕ್ಕೆ ಜಾತಿ ಗೊತ್ತಿದ್ದಾ ಭಾವ?” ಎಂದು ನಾನು ಕೇಳಿದ್ದುಂಟು.

“ನೀನು ಟೆಲಿಫೋನಿನವ. ನಿಂಗೆ ಎಲ್ಲಾ ಲೈನೂ ಒಂದೇ,” ಎಂದಿದ್ದ. ಭಟ್ಕಳದಲ್ಲಿ ನಮ್ಮ ನೆರೆಮನೆಯ ನವಾಯತ ಮುಸ್ಲಿಮರು ಹಬ್ಬಕ್ಕೆ ಕೊಟ್ಟ ಶ್ಯಾವಿಗೆಯನ್ನು ನಾನು ಬಟ್ಟಲು ಒರೆಸಿ ತಿನ್ನುತ್ತಿದ್ದದ್ದು ಅವನಿಗೆ ಗೊತ್ತಿತ್ತು.

ಪ್ರಚಾರಕ್ಕೆ ಹೊರಟ ಮೇಲೆ ಈ ನೇಮ ಕಾಲಿಗೆ ತೊಡರತೊಡಗಿತು. ಹೋದಲ್ಲೆಲ್ಲ ಆಸರಿಗೆ ಕೇಳುತ್ತಾರೆ. ‘ಈಗಷ್ಟೇ ಆತು’ ಎಂದು ಹೇಳುವ ಉಪಾಯ ಕಲಿಸಿದವನು ನಾನೇ. ಅವನ ತಾಮ್ರದ ಚೊಂಬು ಕಾರಿನಲ್ಲಿ, ನನ್ನ ಸೀಟಿನ ಹಿಂದೆ ಇರುತ್ತಿತ್ತು. ನಾನು ಮಾತ್ರ ಮನೆಮನೆಯಲ್ಲೂ ಇಬ್ಬರ ಪಾಲಿನದನ್ನು ಕುಡಿದು, ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿಸಿಕೊಂಡು ಸ್ಟಿಯರಿಂಗ್ ಹಿಡಿಯುತ್ತಿದ್ದೆ.

ತೋಟದ ಊರುಗಳ ಮತವನ್ನಷ್ಟೇ ನೆಚ್ಚಿದರೆ ಗೆಲ್ಲುವಂತಿರಲಿಲ್ಲ. ಸಮುದ್ರದ ಕೇರಿಗಳೂ ಬೇಕಿತ್ತು. ಹಾಗಾಗಿ ಒಂದು ಬೆಳಿಗ್ಗೆ ತದಡಿಗೆ ಹೋದೆವು. ಬಂದರಿನ ಹತ್ತಿರ ಮಾದೇವಿ ಎಂಬವರ ಮನೆ. ಸ್ವಂತ ದೋಣಿಗಳಿದ್ದವು, ಆ ಕೇರಿಯಲ್ಲಿ ಅವರ ಮಾತು ನಡೆಯುತ್ತಿತ್ತು. ಅವರು ಒಪ್ಪಿದರೆ ಕೇರಿ ಒಪ್ಪಿದಂತೆ. ನಮಗೆ ಚಾಪೆ ಹಾಸಿ ಕೂರಿಸಿದರು. ಭಾವ ದೇವಸ್ಥಾನ, ಸಾರಾಯಿ, ಹಿರಿಯರು ನಡೆಸಿಕೊಂಡು ಬಂದ ಪದ್ಧತಿ ಎಲ್ಲ ಹೇಳಿದ. ಸಾರಾಯಿಯ ಮಾತಿಗೆ ಅವರು ಎರಡು ಸಲ ತಲೆಯಾಡಿಸಿದರು. ನನಗೆ ಆಸೆ ಹುಟ್ಟಿತು. ಅಷ್ಟರಲ್ಲಿ ತಟ್ಟೆಯಲ್ಲಿ ಬೆಲ್ಲ, ಎರಡು ಲೋಟ ನೀರು ಬಂತು.

“ಬೇಡ ತಂಗಿ. ಈಗಷ್ಟೇ ಆತು,” ಎಂದ ಭಾವ.

“ಯಾರ ಮನೇಲಿ ಆತು ಒಡೇರೆ? ಕೇರಿಗೆ ಬಂದವ್ರು ಮೊದ್ಲು ಕಾಲಿಟ್ಟದ್ದು ನಮ್ಮನೆಗೇ ಅಲ್ವಾ?”

ಭಾವ ತಲೆ ತಗ್ಗಿಸಿದ. ನಾನು ಕಲಿಸಿದ ಸುಳ್ಳು ಅಲ್ಲಿಗೆ ಮುಗಿಯಿತು. ಇನ್ನೊಂದನ್ನು ಹೇಳಲು ಅವನಿಗೆ ಬರಲಿಲ್ಲ.

“ಸುಳ್ಳು ಹೇಳ್ದೆ ತಂಗಿ. ನಾನು ಹೊರಗೆ ನೀರು ಕುಡೂದಿಲ್ಲ. ಆಯಿಗೆ ಮಾತು ಕೊಟ್ಟದ್ದು. ನೇಮ.”

ಮಾದೇವಿ ಸಿಟ್ಟು ಮಾಡಲಿಲ್ಲ. ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. “ಆತು ಒಡೇರೆ. ನಿಮ್ಮ ನೇಮ ನಿಮಗೆ. ನಮಗೂ ಒಂದು ಉಂಟು. ಆಸರಿಗೆ ಕುಡೀದವ್ರ ಹತ್ರ ಕೊಡೂದು, ತಕಂಬೂದು ನಾವು ಇಟ್ಕಂಬುದಿಲ್ಲ. ನಮ್ಮ ಅಜ್ಜನ ಕಾಲದ್ದು. ಹಳೇ ಪದ್ಧತಿ ಬಿಡೂಕಾಗ ಅಂತ ನೀವೇ ಈಗ ಹೇಳಿದ್ರಲ್ಲ.”

ನನ್ನ ಲೋಟ ಆಗಲೇ ಬರಿದಾಗಿತ್ತು. ಆದರೆ ಆ ಮನೆಯವರಿಗೆ ಬೇಕಿದ್ದದ್ದು ನಾನು ಕುಡಿಯುವುದಲ್ಲ. ಭಾವ ಎರಡನೆಯ ಲೋಟವನ್ನೇ ನೋಡುತ್ತ ಕೂತ. ಕುಡಿ ಮಾರಾಯ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವನ ಕೈ ಮೊಣಕಾಲಿನಿಂದ ಮೇಲೇಳಲಿಲ್ಲ. ಕೊನೆಗೆ, “ನೀನು ಹೇಳಿದ್ದು ಸಮ ತಂಗಿ,” ಎಂದು ಕೈಮುಗಿದು ಎದ್ದ.

ಕಾರಿನಲ್ಲಿ ನಾನು ಬೈದೆ. ಮಿರ್ಜಾನ ಹತ್ತಿರ ಬಂದಾಗ ಅವನು, “ನೀರು ಕುಡಿಯದ್ದ ಮನೇಲಿ ಮತ ಕೇಳದು ಸಮ ಅಲ್ಲ ಭಾವ,” ಎಂದ. “ಹಂಗಾರೆ ಕುಡಿಯಕಾಗಿತ್ತು,” ಎಂದೆ. “ಅದು ಆಗ್ತಿಲ್ಲೆ,” ಎಂದ. ಆ ದಿನದಿಂದ ಅವನು ನೀರು ಕುಡಿಯದ ಮನೆಗಳಿಗೆ ಮತ ಕೇಳಲು ಹೋಗುವುದನ್ನೇ ನಿಲ್ಲಿಸಿದ. ಅಂದರೆ ಕ್ಷೇತ್ರದ ಹೆಚ್ಚಿನ ಮನೆಗಳಿಗೆ. ಠೇವಣಿ ಹೋಯಿತು. ಆಮೇಲೆ ಇದನ್ನು ನಾನು ಮದುವೆ ಮನೆಗಳಲ್ಲಿ, ಎಲೆ ಹಾಕುವ ಮೊದಲು, ನಗೆಚಾಟಿಕೆಯಾಗಿ ಹೇಳುತ್ತಿದ್ದೆ. ಜನ ನಗುತ್ತಿದ್ದರು, ಎದುರಿಗಿದ್ದರೆ ಭಾವನೂ ನಗುತ್ತಿದ್ದ.

ಕೆಲವು ವರ್ಷಗಳ ಮೇಲೆ ಆಯಿ ತೀರಿಕೊಂಡರು. ವರ್ಷಾಂತಿಕ ಮುಗಿದ ವಾರ ಭಾವ ಫೋನ್ ಮಾಡಿ, ಕಾರು ತೆಗೆದುಕೊಂಡು ಬಾ ಎಂದ. ಎಲ್ಲಿಗೆ ಎಂದದ್ದಕ್ಕೆ ತದಡಿ ಎಂದಷ್ಟೇ ಹೇಳಿದ. ಮಾದೇವಿ ಅಂಗಳದಲ್ಲೇ ಇದ್ದರು, ಗುರುತು ಹಿಡಿದರು.

“ಈಗ ಎಂತ ಚುನಾವಣೆ ಇಲ್ವಲ್ಲ ಒಡೇರೆ?”

“ಇಲ್ಲ. ಅದಕ್ಕೇ ಬಂದದ್ದು. ಆಸರಿಗೆ ಬೇಕಿತ್ತು.”

ಅವರು ಒಳಗೆ ಹೋಗಿ ತಟ್ಟೆ ತಂದರು. ಅದೇ ಬೆಲ್ಲ, ಅದೇ ನೀರು. ಮನೆಯಲ್ಲೂ ಲೋಟ ಎತ್ತಿ, ತುಟಿಗೆ ತಾಗಿಸದೆ ಕುಡಿಯುವವನು ಅಂದು ತುಟಿ ಹಚ್ಚಿ ಪೂರ್ತಿ ಕುಡಿದ. ನಾನು ಸಮುದ್ರದ ಕಡೆ ನೋಡಿದೆ.

“ಮುಂದಿನ ಸಲ ನಿಲ್ಲಿ,” ಎಂದರು ಮಾದೇವಿ.

“ಇನ್ನು ನಿಲ್ಲೂದಿಲ್ಲ ತಂಗಿ.”

ಹಿಂದಿರುಗುವಾಗ ಕೇಳಿದೆ, ಅಂದು ತದಡಿಯಲ್ಲಿ ನಡೆದದ್ದನ್ನು ಆಯಿಗೆ ಹೇಳಿದ್ದೆಯಾ ಎಂದು. “ಹೇಳಿದ್ರೆ ಆಯಿ ‘ಕುಡಿ’ ಹೇಳ್ತಿತ್ತೇನ. ಅದ್ಕೇ ಹೇಳಿದ್ನಿಲ್ಲೆ,” ಎಂದ. ಅವನ ವಿಚಾರಗಳು ಬದಲಾದವೆಂದು ತಿಳಿಯಬೇಡಿ. ಮಿರ್ಜಾನ ಮುಟ್ಟುವವರೆಗೆ ದೇವಸ್ಥಾನ, ರೆಸಾರ್ಟು, ದೀಪ ಹಚ್ಚುವ ಹೊತ್ತು ಎಲ್ಲ ಮತ್ತೆ ಕೇಳಿದೆ.

ನಿನ್ನೆ ಸಂಜೆ ಅವನಿಗೆ ಫೋನ್ ಮಾಡಿ, ಅಭ್ಯರ್ಥಿ ಬಂದಿದ್ದ, ನಿನ್ನ ಹಾಗೇ ಮಾತಾಡಿದ ಎಂದೆ.

“ಆಸರಿಗೆ ಕುಡಿದ್ನ?”

“ಇಲ್ಲೆ.”

“ಅವನ ಮನೇಲೂ ಆಯಿ ಇದ್ದಿಕ್ಕು, ಪಾಪ,” ಎಂದ.

ಸೀಲು ಬಾಟಲಿಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ. ಜಗಲಿಗೆ ಬಂದು ಬೆಚ್ಚಗಾಗಿದ್ದ ಪಾನಕವನ್ನು ನಾನೇ ಕುಡಿದೆ. ಮದುವೆ ಮನೆಗಳಲ್ಲಿ ಅಷ್ಟು ಸಲ ಆ ಕತೆ ಹೇಳಿದರೂ, ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಾಗ ಮಾದೇವಿಗೆ ಹೇಗಾಗಿರಬಹುದು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಗೊತ್ತಾಯಿತು. ಲೋಟ ತೊಳೆದಿಡಲು ಬಂದ ಹೆಂಡತಿ, “ನಾಳೆ ಇನ್ನೊಂದು ಪಕ್ಷದವ ಬತ್ನಡ. ಮುರುಗಲು ನೆನೆಸವಾ, ಬ್ಯಾಡದಾ?” ಎಂದು ಕೇಳಿದಳು.

“ನೆನೆಸು,” ಎಂದೆ. “ಕುಡಿಯದು ಬಿಡದು ಅವಂಗೆ ಬಿಟ್ಟದ್ದು. ಕೇಳದು ನಮ್ಮ ನೇಮ.”