ಒಂದೇ ಬಟ್ಟಲಿನ ಮುಲಾಮು

ನನ್ನ ಅವ್ವ ಮತ್ತು ದೊಡ್ಡವ್ವ ಕಮಲಾಪುರದ ಒಂದೇ ಮನೆಯ ಸೊಸೆಯಂದಿರು, ನೆಗೆಣ್ಣಿಯರು. ಆ ಮನೆಗೆ ಬಂದಾಗಿನಿಂದ ಸೀರೆ, ಬಂಗಾರ, ಅತ್ತೆಯ ಬೈಗುಳ ಎಲ್ಲವನ್ನೂ ಸಮಪಾಲು ಹಂಚಿಕೊಂಡವರು. ವಯಸ್ಸಾದ ಮೇಲೆ ಸಕ್ಕರೆ ಕಾಯಿಲೆಯನ್ನೂ ಹಂಚಿಕೊಂಡರು. ಬಾಳೆತೋಟದಲ್ಲಿ ಬರಿಗಾಲಲ್ಲಿ ಅಡ್ಡಾಡಿ ಇಬ್ಬರ ಪಾದದಲ್ಲೂ ಮಾಯದ ಹುಣ್ಣಾಯಿತು. ದೊಡ್ಡವ್ವನದು ಸಣ್ಣದು, ಅವ್ವನದು ಆಳ. ಹೀಗೇ ಬಿಟ್ಟರೆ ಅವ್ವನ ಪಾದ ಉಳಿಯುವುದಿಲ್ಲ ಎಂದು ಊರಿನ ಡಾಕ್ಟರು ಹೇಳಿದ್ದರು.

ನಾನು ಕಲಬುರಗಿಯಲ್ಲಿ ಶಿಕ್ಷಕಿ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಇಂಥ ಹುಣ್ಣಿಗೆ ಹೊಸ ಮುಲಾಮಿನ ಪ್ರಯೋಗ ನಡೆದಿದೆ ಎಂದು ಕೇಳಿ ಇಬ್ಬರನ್ನೂ ಸೇರಿಸಿದೆ. ಲ್ಯಾಬಿನಲ್ಲಿ ಇಲಿಗಳ ಗಾಯ ಮಾಯಿಸಿದ ಮದ್ದು ಅದು. ಈಗ ಮನುಷ್ಯರ ಸರದಿ. ಅರ್ಧ ಜನರಿಗೆ ಮದ್ದಿರುವ ಮುಲಾಮು, ಉಳಿದವರಿಗೆ ಅದರಂತೆಯೇ ಕಾಣುವ ಬರಿ ಮುಲಾಮು. ಯಾರಿಗೆ ಯಾವುದು ಎಂಬುದು ಕೊಟ್ಟವರಿಗೂ ತಿಳಿಯಬಾರದು. ದೊಡ್ಡ ಡಾಕ್ಟರು ಇದನ್ನೆಲ್ಲ ಪುಸ್ತಕದ ಕನ್ನಡದಲ್ಲಿ ಓದಿ ಹೇಳಿದರು. ಇವರಿಬ್ಬರೂ ತಲೆಯಾಡಿಸಿದರು. ಏನು ತಿಳಿಯಿತೋ ಆ ಶಿವನೇ ಬಲ್ಲ.

ಕೆಲವು ವಾರಗಳಲ್ಲಿ ಅವ್ವನ ಹುಣ್ಣು ತುಂಬಿ ಮಾಯತೊಡಗಿತು. ದೊಡ್ಡವ್ವನದು ಇದ್ದಂತೆಯೇ ಇತ್ತು. ಹಿರಿಯ ನೆಗೆಣ್ಣಿ ನರಳುತ್ತಿರುವಾಗ ತಾನೊಬ್ಬಳೇ ಗುಣವಾಗುವುದು ಆ ಮನೆಯಲ್ಲಿ ನಾಚಿಕೆಗೇಡು. ಅವ್ವ ಎರಡೂ ಟ್ಯೂಬುಗಳನ್ನು ಒಂದೇ ಬಟ್ಟಲಿಗೆ ಹಿಂಡಿ ಕಲಸಿದಳು. ಇಬ್ಬರೂ ಅದನ್ನೇ ಹಚ್ಚಿಕೊಂಡರು. ಇಲಿಗಳನ್ನಾದರೆ ಬೇರೆ ಬೇರೆ ಪಂಜರದಲ್ಲಿ ಇಟ್ಟಿದ್ದರಂತೆ. ಅವಕ್ಕೆ ನೆಗೆಣ್ಣಿಯರಿರಲಿಲ್ಲ.

ಮುಂದಿನ ತಪಾಸಣೆಯ ಹೊತ್ತಿಗೆ ದೊಡ್ಡವ್ವನ ಹುಣ್ಣು ಮಾಯತೊಡಗಿತ್ತು, ಅವ್ವನದು ಅಲ್ಲಿಗೇ ನಿಂತಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿ ಕಾರಣ ಕೇಳಿದರು. ಶಹಬ್ಬಾಸ್ ಸಿಗುತ್ತದೆಂದು ಅವ್ವ ಹೇಳಿಯೇಬಿಟ್ಟಳು: "ಇಬ್ರದೂ ಕೂಡಿಸಿ ಹಚ್ಕೊಳ್ಳಾಕತ್ತೀವ್ರಿ. ನಮ್ಮನ್ಯಾಗ ಭೇದಭಾವ ಇಲ್ರಿ."

"ನಮ್ಮ ವರ್ಷಗಟ್ಲೆ ಕೆಲ್ಸ ಮಣ್ಣಾಗ ಹಾಕಿದ್ರಿ," ಎಂದರು ಡಾಕ್ಟರು. ಅವಳ ಕಾಲನ್ನು ಮತ್ತೆ ನೋಡಲಿಲ್ಲ. ಇಬ್ಬರನ್ನೂ ಪ್ರಯೋಗದಿಂದ ತೆಗೆದರು.

"ಸಾಹೇಬ್ರ, ಇನ್ನೊಂದು ಟ್ಯೂಬರ ಕೊಡ್ರಿ," ಎಂದು ನಾನು ಕೈಮುಗಿದೆ.

"ಅಂಗಡ್ಯಾಗ ಬಂದ ಮ್ಯಾಲ ತಗೋರಿ."

ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೂ ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಔಷಧದಂಗಡಿಗಳನ್ನೆಲ್ಲ ಸುತ್ತಿದೆ. ಯಾರೂ ಅದರ ಹೆಸರೇ ಕೇಳಿರಲಿಲ್ಲ.

ಬಟ್ಟಲಲ್ಲಿ ಉಳಿದದ್ದು ದೊಡ್ಡವ್ವನ ಸಣ್ಣ ಹುಣ್ಣಿಗೆ ಸಾಕಾಯಿತು. ಅವ್ವನದು ಕೊಳೆಯಿತು. ಬೇರೊಂದು ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು. ನೋಡಲು ಬಂದ ಬೀಗರೊಬ್ಬರು, "ತನ್ನ ಕಾಲ ಮ್ಯಾಲ ತಾನ ಕಲ್ಲ ಹಾಕ್ಕೊಂಡ್ಳು," ಎಂದರು. ಹಾಸಿಗೆಯ ಪಕ್ಕದಲ್ಲೇ ಕೂತು, ಚಹಾ ಕುಡಿಯುತ್ತ.

ಪ್ರಯೋಗ ಮುಗಿದ ಮೇಲೆ ಹೋಗಿ ವಿಚಾರಿಸಿದೆ. ಮದ್ದು ಇದ್ದದ್ದು ಅವ್ವನ ಟ್ಯೂಬಿನಲ್ಲಿ ಮಾತ್ರ. ಹಂಚಿ ಉಳಿದ ಅರ್ಧ ಅವಳ ಆಳದ ಹುಣ್ಣಿಗೆ ಸಾಲಲಿಲ್ಲ. ಮನೆಯಲ್ಲಿ ಹೇಳಬಾರದಿತ್ತು ಎಂದು ಜನ ಅನ್ನುತ್ತಾರೆ. ನಾನು ಹೇಳಿದೆ. ಅವಳ ಕಾಲು ಎಲ್ಲಿ ಹೋಯಿತೆಂದು ತಿಳಿಯುವ ಹಕ್ಕು ಅವಳಿಗಿತ್ತು. ಹೇಳುವಾಗ ದೊಡ್ಡವ್ವ ಬಿಸಿ ರೊಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಅವ್ವ ಅವಳ ಪಾದಗಳನ್ನೇ ನೋಡಿದಳು. "ಅಕ್ಕಾ, ನೀ ನಡ್ಯಾಕತ್ತಿದ್ದು ನನ್ನ ಕಾಲಿಲೆ."

"ನಾ ಬೇಡಿದ್ನೇನ? ನೀನ ಕೊಟ್ಟಿ," ಎಂದಳು ದೊಡ್ಡವ್ವ. ರೊಟ್ಟಿ ಇಟ್ಟು ಹೊರಟಳು.

ಅಂಗಳ ದಾಟುವ ಅವಳ ಹೆಜ್ಜೆಯ ಸಪ್ಪಳ ಒಳಗೆ ಕೇಳುತ್ತಿತ್ತು.

"ಬಾಗ್ಲಾ ಹಾಕವಾ," ಎಂದಳು ಅವ್ವ. "ಆಕಿ ನಡ್ಯೂದು ನನಗ ಕೇಳಬಾರ್ದು."