ನವೆಂಬರನ್ನು ಹತ್ತನೆಯ ತಿಂಗಳೆಂದವಳು

ಮೈಸೂರಿನ ಒಂದು ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ನಾನು ಡ್ರಿಲ್ ಟೀಚರಾಗಿದ್ದೆ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ದೀಪ ಆರಿಸಬೇಕು. ನಿವೃತ್ತಿಯಾಗಿ ಪರದೇಶದ ಈ ಬ್ಯೂಮಾಂಟ್‌ನಲ್ಲಿ ಮಗಳ ಮನೆಗೆ ಬಂದ ಮೇಲೂ ನನ್ನ ತಲೆಯೊಳಗೆ ಆ ಗಂಟೆ ಹೊಡೆಯುತ್ತಲೇ ಇದೆ. ಮಾಡಲು ಕೆಲಸ ಮಾತ್ರ ಇಲ್ಲ. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆಯೇ ಹೊರಟುಬಿಡುತ್ತಾರೆ. ಒರೆಸಿದ ಅಡುಗೆಕಟ್ಟೆಯನ್ನೇ ಮತ್ತೆ ಒರೆಸಿ, ಮಡಿಸಿಟ್ಟ ಟವೆಲುಗಳನ್ನು ಬಿಚ್ಚಿ ಮತ್ತೆ ಮಡಿಸಿ, ಕೊನೆಗೆ ತಡೆಯಲಾರದೆ ಕೋಟು ಹಾಕಿಕೊಂಡು ನಡೆಯಲು ಹೋಗುತ್ತೇನೆ.

ಆ ನಡಿಗೆಯಲ್ಲಿ ಜೊತೆಗಾತಿಯೊಬ್ಬಳು ಸಿಕ್ಕಿದಳು. ಎರಡು ಮನೆ ಆಚೆ ಇರುವ ಚೀನೀ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳು. ಜಪಾನಿನವನನ್ನು ಮದುವೆಯಾಗಿ ಆಯುಸ್ಸಿನ ಬಹುಪಾಲು ಅಲ್ಲಿಯೇ ಕಳೆದವಳು. ಗಂಡ ತೀರಿಕೊಂಡ ಮೇಲೆ ಮಗ ಇಲ್ಲಿಗೆ ಕರೆಸಿಕೊಂಡಿದ್ದ. ನಮ್ಮಿಬ್ಬರ ನಡುವೆ ಇದ್ದದ್ದು ಇಂಗ್ಲಿಷ್. ಅವಳದು ಹರಕು, ನನ್ನದು ಶಾಲೆಯದು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಆ ಅಕ್ಟೋಬರಿನಲ್ಲಿ ಒಂದು ದಿನ ಅವಳು ತಪ್ಪು ಬಸ್ಸು ಹತ್ತಿಬಿಟ್ಟಳು. ಕತ್ತಲಾದ ಮೇಲೆ ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಡ್ರೈವರು ಅವಳ ಫೋನು ತೆಗೆದುಕೊಂಡು ಮಗನಿಗೆ ಸುದ್ದಿ ಕೊಟ್ಟ. ಮಾರನೆಯ ದಿನವೇ ಮಗ ಅವಳಿಂದ ಮುಂಬಾಗಿಲ ಕೀ ತೆಗೆದುಕೊಂಡ. ಅವರ ಮನೆಯ ಬಾಗಿಲು ಒಳಗಿನಿಂದ ತೆಗೆಯಲಿಕ್ಕೂ ಕೀ ಬೇಕು. ಮಗ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತಾನೆ. ನಾನು ಹೋಗಿ ಬೆಲ್ ಮಾಡಿದರೆ ಇಳಿದು ಬಂದು ತೆಗೆಯುತ್ತಾನೆ. ತಲೆ ನೆಟ್ಟಗಿದೆ ಎಂದು ಕ್ಲಿನಿಕ್ಕಿನವರು ಹೇಳಿದರೆ ಮಾತ್ರ ಕೀ ವಾಪಸ್ಸು ಎಂದಿದ್ದನಂತೆ. ಅಲ್ಲಿಯವರೆಗೆ ಅವಳು ಹೊರಗೆ ಕಾಲಿಡುವುದು ನನ್ನ ಜೊತೆಯಲ್ಲಿ ಮಾತ್ರ.

“ನಿನ್ನನ್ನು ನಂಬುತ್ತಾನೆ,” ಎಂದಳು. “ನೀನು ಪೊಲೀಸಿನ ಹಾಗೆ ನಡೆಯುತ್ತೀಯ.”

ಕೀ ಹೋದ ಮೇಲೆ ಅವಳ ಮಾತು ಹೆಚ್ಚಾಯಿತು. ಹೆಚ್ಚಿನದು ತಿಂಗಳಿನ ಮಾತು. ಅವಳ ಊರಿನಲ್ಲಿ ವರ್ಷವನ್ನು ಇಪ್ಪತ್ತನಾಲ್ಕು ತುಂಡು ಮಾಡಿ ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ನಮ್ಮ ರೈತರು ಮಳೆಗಳಿಗೆ ಸ್ವಾತಿ, ವಿಶಾಖ ಎಂದು ಹೆಸರಿಟ್ಟ ಹಾಗೆ. ಅಕ್ಟೋಬರಿನ ಕೊನೆಗೆ ಶ್ವಾಂಗ್‌ಜ್ಯಾಂಗ್, ಹಿಮದ ಹನಿ ಇಳಿಯುವುದು. ನವೆಂಬರಿನ ಮೊದಲ ವಾರ ಲಿ-ದೊಂಗ್, ಚಳಿಗಾಲ ಎದ್ದು ನಿಲ್ಲುವುದು. ಆಮೇಲೆ ಶ್ಯಾವೊ-ಶ್ವೆ, ಚಿಕ್ಕ ಹಿಮ. ಗಂಡನ ಮನೆಯಲ್ಲಿ ಕಲಿತ ಪದಗಳು ಬೇರೆ. ನವೆಂಬರಿಗೆ ಶಿಮೊತ್ಸುಕಿ, ಇಬ್ಬನಿ ಹೆಪ್ಪುಗಟ್ಟುವ ತಿಂಗಳು. ಎಲೆ ಉದುರಿಸಿ ಮರವನ್ನು ಒಣಗಿಸುವ ಗಾಳಿಗೆ ಕೊಗರಾಶಿ. ಬಿಸಿಲಿರುವಾಗಲೇ ಬಂದು ಛತ್ರಿ ಬಿಚ್ಚುವಷ್ಟರಲ್ಲಿ ಹೋಗಿಬಿಡುವ ಮಳೆಗೆ ಶಿಗುರೆ.

“ಇಲ್ಲಿ ಹನ್ನೆರಡು ತಿಂಗಳೂ ಶಿಗುರೆ,” ಎಂದು ಮುಖ ಒರೆಸಿಕೊಂಡಳು.

ಎರಡು ದೇಶದವರೂ ಒಂದೇ ಅಕ್ಷರದಲ್ಲಿ ಬರೆದು ಬೇರೆ ಬೇರೆಯಾಗಿ ಓದುವ ಹೆಸರೊಂದಿತ್ತು: ಚಿಕ್ಕ ವಸಂತ. ಚಳಿ ಬಿಗಿಯಾಗುವ ಮುನ್ನ ನಾಲ್ಕು ದಿನ ಬೆಚ್ಚಗೆ ಬಿಸಿಲು ಕಾಯುತ್ತದಲ್ಲ, ಅದಕ್ಕೆ. ಇನ್ನೊಂದು ಹೆಸರು ನನಗೆ ವಿಚಿತ್ರವೆನಿಸಿತು. ಕನ್ನಾಜುಕಿ, ದೇವರಿಲ್ಲದ ತಿಂಗಳು. ಊರೂರಿನ ದೇವರೆಲ್ಲ ಗುಡಿ ಬಿಟ್ಟು ಒಂದೇ ಕಡೆ ಸಭೆ ಸೇರುತ್ತಾರಂತೆ.

“ನಮ್ಮಲ್ಲಿ ಈ ತಿಂಗಳಲ್ಲೇ ದೇವರು ನಿದ್ದೆಯಿಂದ ಏಳುವುದು,” ಎಂದೆ. “ನಿನ್ನೆಯೇ ತುಳಸಿ ಪೂಜೆ ಮಾಡಿ ಎಬ್ಬಿಸಿದ್ದೇನೆ.”

“ಎದ್ದು ಸಭೆಗೆ ಹೋಗಿರಬೇಕು,” ಎಂದಳು.

ಮುಂದಿನ ವಾರ ಕ್ಲಿನಿಕ್ಕಿನ ಮೊದಲ ಪರೀಕ್ಷೆಯಾಯಿತು. ಅದು ನಗರದ ಇನ್ನೊಂದು ಮಗ್ಗುಲಲ್ಲಿದೆ. ಮಗನನ್ನು ಹೊರಗೆ ಕೂರಿಸಿ ನರ್ಸೊಬ್ಬಳು ಪ್ರಶ್ನೆ ಕೇಳಿದಳಂತೆ. ಫೋನಿನಲ್ಲಿ ಒಬ್ಬ ದುಭಾಷಿ ಇದ್ದನಂತೆ. ಸಂಜೆ ಬಾಗಿಲಲ್ಲೇ ಮಗ ನನಗೆ ಹೇಳಿದ: “ಅಮ್ಮನಿಗೆ ವರ್ಷ ಗೊತ್ತಿಲ್ಲ, ತಿಂಗಳು ಗೊತ್ತಿಲ್ಲ, ತಾರೀಖು ಗೊತ್ತಿಲ್ಲ. ಎರಡು ವಾರದಲ್ಲಿ ಡಾಕ್ಟರೇ ನೋಡುತ್ತಾರಂತೆ.” ಅವನ ಮುಖ ನೋಡಲಾಗಲಿಲ್ಲ.

ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ. ಇಬ್ಬನಿಯ ತಿಂಗಳು, ಗಾಳಿಯ ತಿಂಗಳು ಎಂದು ಇಷ್ಟು ಹೆಸರು ಹೇಳುವವಳಿಗೆ ತಿಂಗಳು ಗೊತ್ತಿಲ್ಲವೆಂದರೆ? ಬೆಳಿಗ್ಗೆ ಗೇಟು ದಾಟುತ್ತಲೇ ಕೇಳಿದೆ.

“ವರ್ಷ ಯಾವುದು ಅಂದರು, ಆರು ಅಂದೆ. ತಿಂಗಳು ಯಾವುದು ಅಂದರು, ಹತ್ತು ಅಂದೆ. ಋತು ಯಾವುದು ಅಂದರು, ಚಳಿಗಾಲ ಅಂದೆ. ಅದೊಂದೇ ಸರಿಯಂತೆ.”

“ಆರಾ? ಯಾವ ಆರು?”

ಪುಟ್ಟ ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು. ಜಪಾನಿನಲ್ಲಿ ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದಾಗಿನಿಂದ ವರ್ಷ ಎಣಿಸುತ್ತಾರೆ, ಇದು ಆರನೆಯದು. ಗಂಡ ಹಾಗೆಯೇ ಎಣಿಸುತ್ತಿದ್ದ. ತಿಂಗಳು ಮಾತ್ರ ಅವಳ ತಾಯಿಯ ಲೆಕ್ಕ, ಚಂದ್ರನ ಲೆಕ್ಕ. ಅದರಲ್ಲಿ ಇದು ಹತ್ತನೆಯ ತಿಂಗಳು. ಚಿಕ್ಕ ವಸಂತ ಎನ್ನುವುದೂ ಹತ್ತನೆಯ ತಿಂಗಳನ್ನೇ. ದುಭಾಷಿ ‘ಆರು, ಹತ್ತು’ ಎಂದು ಹಾಗೆಯೇ ಒಪ್ಪಿಸಿದ. ನರ್ಸು ಹತ್ತನ್ನು ಅಕ್ಟೋಬರ್ ಎಂದು ಬರೆದುಕೊಂಡಳು.

ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಅಂದು ಬೆಳಿಗ್ಗೆ ದೀಪ ಹಚ್ಚಿ ಸಂಕಲ್ಪ ಹೇಳುವಾಗ ನನ್ನ ಬಾಯಿಂದ ಬಂದದ್ದು ಕಾರ್ತಿಕ ಮಾಸವೇ ಹೊರತು ನವೆಂಬರಲ್ಲ. ಗಾಬರಿಯಲ್ಲಿ ಕೂತಾಗ ಯಾರಾದರೂ ವರ್ಷ ಯಾವುದೆಂದು ಕೇಳಿ, ನಾನು ಕ್ರೋಧಿ ಸಂವತ್ಸರ ಎಂದಿದ್ದರೆ, ನನ್ನನ್ನು ಅಲ್ಲಿಂದ ಮನೆಗೇ ಕಳಿಸುತ್ತಿರಲಿಲ್ಲ.

ವಾಪಸ್ಸು ಬರುವಾಗ ಅವಳ ಮಗನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವನು ಕಾಫಿ ಮಗ್ಗು ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದ. ಮೊದಲು ನಕ್ಕ. ಆಮೇಲೆ ಮಗ್ಗಿನೊಳಗೆ ನೋಡುತ್ತಾ, “ಅಮ್ಮ ಕಳೆದುಹೋದ ಸಂಜೆ ನಾನು ಪ್ರತಿ ಬಸ್ ಸ್ಟಾಪಿನಲ್ಲೂ ಕಾರು ನಿಲ್ಲಿಸಿ ಹುಡುಕಿದೆ. ಒಬ್ಬೊಬ್ಬ ಮುದುಕಿಯನ್ನು ಕಂಡಾಗಲೂ ಅಮ್ಮ ಎಂದುಕೊಂಡೆ,” ಎಂದ. ಕೀಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಗಳು ಫಿಸಿಯೋಥೆರಪಿಸ್ಟು, ವಯಸ್ಸಾದವರನ್ನು ದಿನವೂ ನೋಡುವವಳು. ರಾತ್ರಿ ಚಪಾತಿ ಲಟ್ಟಿಸುತ್ತಾ ಅವಳಿಗೂ ಹೇಳಿದೆ.

“ಕರೆಕ್ಟೇ ಅಮ್ಮ. ತಿಂಗಳಿಗೆ ಪಂಚಾಂಗ ಇದೆ, ಒಪ್ತೀನಿ. ಬಸ್ಸಿಗೆ ಯಾವ ಪಂಚಾಂಗ?”

“ತಪ್ಪು ಬಸ್ಸು ನೀನು ಹತ್ತೇ ಇಲ್ವಾ?”

“ಹತ್ತಿದೀನಿ. ಎರಡು ಸ್ಟಾಪ್ ಆದ್ಮೇಲೆ ಇಳ್ದಿದೀನಿ. ಅವ್ರು ಕೊನೇವರ್ಗೂ ಕೂತಿದ್ರಲ್ಲ?”

ಚಪಾತಿ ವಕ್ರವಾಯಿತು, ಮುದ್ದೆ ಮಾಡಿ ಮತ್ತೆ ಲಟ್ಟಿಸಿದೆ.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಮಾರನೆಯ ದಿನದಿಂದ ಡ್ರಿಲ್ ಶುರು ಮಾಡಿದೆ. ಗೇಟಿನ ಹತ್ತಿರ ವರ್ಷ, ಚರ್ಚಿನ ಮೂಲೆಯಲ್ಲಿ ತಿಂಗಳು, ಅಂಗಡಿಯ ಮುಂದೆ ತಾರೀಖು, ವಾರ. ಎಲ್ಲವೂ ಕ್ಲಿನಿಕ್ಕಿನ ಲೆಕ್ಕದಲ್ಲಿ. ಮೊದಲ ದಿನ ಸಹಿಸಿಕೊಂಡಳು. ಎರಡನೆಯ ದಿನ ಚರ್ಚಿನ ಮೂಲೆಯಲ್ಲಿ ನಿಂತು ನನ್ನನ್ನೇ ಕೇಳಿದಳು.

“ಟೀಚರ್, ಬಂದು ಹೋಗುವ ಮಳೆಗೆ ಏನು ಹೆಸರು?”

ನಾಲಿಗೆಯ ತುದಿಯಲ್ಲಿತ್ತು. ಬರಲಿಲ್ಲ.

“ಮರ ಒಣಗಿಸುವ ಗಾಳಿಗೆ?”

“ಶಿ... ಶಿಮೊ...”

“ಅದು ತಿಂಗಳು. ಮೂರು ಸಲ ಹೇಳಿಕೊಟ್ಟಿದ್ದೇನೆ. ನಿನಗೂ ಒಂದು ಕ್ಲಿನಿಕ್ ನೋಡೋಣ. ನಿನ್ನ ಮಗಳಿಗೆ ಹೇಳು, ಕೀ ತೆಗೆದಿಟ್ಟುಕೊಳ್ಳಲಿ.”

ನಾನು ನಕ್ಕೆ. ಅವಳು ನಗುತ್ತಿರಲಿಲ್ಲ. ಅರ್ಧ ದಾರಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಮಗಳಿಗೂ ನನ್ನ ಡ್ರಿಲ್ ಹಿಡಿಸಲಿಲ್ಲ. “ಬಾಯಿಪಾಠ ಮಾಡ್ಸಿ ಪಾಸ್ ಮಾಡ್ಸೋಕೆ ಇದೇನು ಎಸ್ಸೆಸ್ಸೆಲ್ಸಿನಾ? ಅವ್ರು ನಿಜವಾಗ್ಲೂ ಮರೀತಿದ್ರೆ ಡಾಕ್ಟರಿಗೆ ಗೊತ್ತಾಗ್ಬೇಕು. ನೀನೇ ಮುಚ್ಚಿಟ್ಟ ಹಾಗೆ ಆಗುತ್ತೆ.”

“ಹಾಗಾದ್ರೆ ನಾನೇನು ಮಾಡ್ಲಿ?”

“ಏನೂ ಮಾಡ್ಬೇಡ. ಜೊತೇಲಿ ನಡಿ. ಅಷ್ಟೇ ಸಾಕು, ಗ್ರ್ಯಾಂಡ್,” ಎಂದು ಇಲ್ಲಿಯವರ ಹಾಗೆ ಮಾತು ಮುಗಿಸಿದಳು.

ಏನೂ ಮಾಡದೆ ಇರುವುದನ್ನು ನನಗೆ ಯಾವ ಶಾಲೆಯೂ ಕಲಿಸಿಲ್ಲ. ಉಳಿದ ದಿನಗಳಲ್ಲಿ ನಾನು ಪ್ರಶ್ನೆ ಕೇಳಲಿಲ್ಲ, ಆದರೆ ಅವಳನ್ನು ನೋಡುವುದು ಬಿಡಲಿಲ್ಲ. ಕೈಗವಸು ಮರೆತಳೇ? ಹೇಳಿದ್ದನ್ನೇ ಹೇಳಿದಳೇ? ಒಮ್ಮೆ ಹೇಳಿದ್ದನ್ನೇ ಹೇಳಿದಳು. ನಾನೂ ಎಷ್ಟೋ ಸಲ ಹಾಗೆ ಹೇಳುತ್ತೇನೆ ಎಂದು ಸಮಾಧಾನ ಮಾಡಿಕೊಂಡೆ. ಇನ್ನೊಮ್ಮೆ ನಮ್ಮ ಬೀದಿಗೆ ತಿರುಗುವಲ್ಲಿ ಒಂದು ಗಳಿಗೆ ನಿಂತು ಎರಡೂ ಕಡೆ ನೋಡಿದಳು. ಕಾರು ಬರುತ್ತದೆಯೇ ಎಂದು ನೋಡಿದಳೋ, ದಾರಿ ತಿಳಿಯದೆ ನೋಡಿದಳೋ ನನಗೆ ಗೊತ್ತಾಗಲಿಲ್ಲ. ಮನೆಗೆ ಬಂದು ಬಹಳ ಹೊತ್ತು ಅದನ್ನೇ ಯೋಚಿಸಿದೆ. ಮಗಳಿಗೆ ಹೇಳಲಿಲ್ಲ.

ಡಾಕ್ಟರ ಹತ್ತಿರ ಹೋಗುವ ದಿನ ನಾನೂ ಬರಬೇಕೆಂದು ಗೆಳತಿ ಹೇಳಿದಳು. ಈ ಸಲ ಬೇರೊಬ್ಬ ದುಭಾಷಿ ಎದುರಿಗೇ ಬಂದಿದ್ದಳು. ಒಳಗೆ ಅವರಿಬ್ಬರನ್ನೂ ಕರೆದರು, ಬಾಗಿಲು ಮುಚ್ಚಿತು. ನಾನು, ಅವಳ ಮಗ ಹೊರಗೆ. ಮೇಜಿನ ಮೇಲಿದ್ದ ಹಳೆಯ ಪತ್ರಿಕೆಗಳನ್ನು ಗಾತ್ರದ ಪ್ರಕಾರ ಜೋಡಿಸಿದೆ. ಓರೆಯಾಗಿದ್ದ ಕುರ್ಚಿಗಳನ್ನು ಸಾಲಿಗೆ ತಂದೆ. ಅವನು ಎದ್ದು ಬಂದು ಕುರ್ಚಿಯ ಇನ್ನೊಂದು ಬದಿ ಹಿಡಿದುಕೊಂಡ. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಒಳಗಿನಿಂದ ನಗು ಕೇಳಿಸಿತು. ಯಾಕೆ ನಗು? ಅದು ಒಳ್ಳೆಯದೋ ಕೆಟ್ಟದ್ದೋ?

ಡಾಕ್ಟರು ಮಗನನ್ನೂ ಒಳಗೆ ಕರೆದರು. ಅವನು ಬಂದು ನನಗೆ ಹೇಳಿದ್ದು ಇಷ್ಟು. ತಿಂಗಳು ಯಾವುದೆಂದು ಕೇಳಿದಾಗ ಅವಳು, “ಯಾರ ಲೆಕ್ಕದಲ್ಲಿ ಹೇಳಲಿ?” ಎಂದಳಂತೆ. ಡಾಕ್ಟರು ನಕ್ಕು, ಗೊತ್ತಿರುವ ಲೆಕ್ಕವನ್ನೆಲ್ಲ ಹೇಳಿ ಎಂದರಂತೆ. ಎಲ್ಲವನ್ನೂ ಹೇಳಿ, ಅಲ್ಲಿದ್ದ ಕಾಗದದ ಮೇಲೆ ಬರೆದೂ ತೋರಿಸಿದಳಂತೆ. ವರ್ಷವೂ ಸರಿ, ತಾರೀಖೂ ಸರಿ. ಆದರೆ ನೆನಪಿಟ್ಟುಕೊಳ್ಳಲು ಕೊಟ್ಟಿದ್ದ ಪದಗಳಲ್ಲಿ ಒಂದು ಮಾತ್ರ ವಾಪಸ್ಸು ಬಂತು. ಗಡಿಯಾರ ಬರೆಯಲು ಹೇಳಿದಾಗ ಮುಳ್ಳುಗಳಲ್ಲಿ ತಡವರಿಸಿದಳು. ಮರೆವು ಶುರುವಾಗಿದೆ, ಸದ್ಯಕ್ಕೆ ಸ್ವಲ್ಪ. ಬಾಗಿಲು ಹಾಕಿಡುವ ಮಟ್ಟಿಗೆ ಏನೂ ಇಲ್ಲ. ಆರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರಂತೆ.

ನಾನು ಎರಡರಲ್ಲೊಂದು ಉತ್ತರ ಬರುತ್ತದೆಂದು ಸಿದ್ಧವಾಗಿದ್ದೆ. ಎರಡೂ ಒಟ್ಟಿಗೆ ಬಂದವು.

ಮನೆಯ ಮುಂದೆ ಇಳಿದ ಮೇಲೆ ಮಗ ಜೇಬಿನಿಂದ ಕೀ ತೆಗೆದು ಅವಳ ಅಂಗೈಯಲ್ಲಿಟ್ಟು, ತಮ್ಮ ಭಾಷೆಯಲ್ಲಿ ಏನೋ ಉದ್ದವಾಗಿ ಹೇಳಿದ. ಅವಳು ಚುಟುಕಾಗಿ ಏನೋ ಅಂದಳು.

“ಏನಂದ?” ಎಂದು ಆಮೇಲೆ ಕೇಳಿದೆ.

“ಫೋನು ಚಾರ್ಜ್ ಇರಲಿ, ಬಸ್ಸು ಬೇಡ, ಟೀಚರ್ ಜೊತೆ ಹೋಗು ಅಂದ.”

“ನೀನೇನಂದೆ?”

“ಮೊದಲ ಎರಡಕ್ಕೆ ಹೂಂ ಅಂದೆ.”

ಮಾರನೆಯ ದಿನ ನಾನು ಬೆಲ್ ಮಾಡಲು ಹೋಗುವ ಮುಂಚೆಯೇ ಅವಳೇ ನಮ್ಮ ಗೇಟಿಗೆ ಬಂದಳು. ಅಂಗಡಿಗೆ ಹೋಗಿ ಹಾಲು ತರುತ್ತೇನೆ, ನೀನು ಬರಬೇಡ ಎಂದಳು. ಸರಿ ಎಂದು ಬಾಗಿಲು ಹಾಕಿಕೊಂಡೆ. ಕೋಟು ಹಾಕಿಕೊಂಡೆ, ತೆಗೆದೆ. ಆಕಾಶದಲ್ಲಿ ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಮೋಡ. ಹನಿ ಬಿತ್ತು. ಅವಳ ಕೈಯಲ್ಲಿ ಛತ್ರಿ ಇರಲಿಲ್ಲ. ನಮ್ಮದನ್ನು ತೆಗೆದುಕೊಂಡು ಹೊಸಿಲವರೆಗೆ ಹೋದೆ. ರಜೆಯಲ್ಲಿದ್ದ ಮಗಳು ಸೋಫಾದಿಂದಲೇ, “ಅಮ್ಮ, ಬಿಡು,” ಎಂದಳು. ಬಿಟ್ಟೆ. ಕಿಟಕಿಯ ಹತ್ತಿರ ನಿಂತೆ. ಅಂಗಡಿ ಅಷ್ಟು ದೂರವೇನಿಲ್ಲ. ಇಷ್ಟು ಹೊತ್ತಿಗೆ ಬರಬೇಕಿತ್ತು. ಬಸ್ಸೊಂದು ಹೋಯಿತು, ಅದರ ಕಿಟಕಿಗಳನ್ನೆಲ್ಲ ಒಂದೊಂದಾಗಿ ನೋಡಿದೆ.

ಕೊನೆಗೆ ತಿರುವಿನಲ್ಲಿ ಕಂಡಳು. ಕೂದಲು ತೊಯ್ದಿತ್ತು. ಅವಸರವಿಲ್ಲದೆ ಬರುತ್ತಿದ್ದಳು. ಕಿಟಕಿಯಲ್ಲಿ ನನ್ನನ್ನು ಕಂಡು, ನೀನು ಪೊಲೀಸೇ ಎನ್ನುವ ಹಾಗೆ ಹಣೆಗೆ ಕೈಯಿಟ್ಟು ಸಲ್ಯೂಟ್ ಹೊಡೆದಳು. ಇನ್ನೊಂದು ಕೈಯಲ್ಲಿ ಒಂದು ದೊಡ್ಡ ಮೂಲಂಗಿ, ಒಂದು ಕಟ್ಟು ಈರುಳ್ಳಿಸೊಪ್ಪು ಇದ್ದವು. ಹಾಲು ಇರಲಿಲ್ಲ.

ಬಾಗಿಲು ತೆಗೆದು ಹೊರಗೆ ಬಂದೆ. ಹಾಲು ಎಲ್ಲಿ ಎಂಬ ಮಾತು ತುಟಿಯವರೆಗೂ ಬಂತು.

“ಮೂಲಂಗಿ ಚೆನ್ನಾಗಿದೆ,” ಎಂದೆ.

“ಚಳಿ ಬಿದ್ದ ಮೇಲೆ ಸಿಹಿಯಾಗುತ್ತದೆ,” ಎಂದು ತನ್ನ ಗೇಟಿನ ಕಡೆ ನಡೆದಳು. ಕೀ ತೂರಿಸಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಎಣಿಸಲಿಲ್ಲ. ಬಾಗಿಲು ತೆರೆದುಕೊಂಡು ಒಳಗೆ ಹೋದಳು.