ಹಿಂದಿನ ಸಂಜೆ ಹೆಚ್ಚಿದ ತರಕಾರಿ

ಮೊನ್ನೆ ಆಫೀಸಿನಿಂದ ಬರುವಾಗ ಯಡಿಯೂರಿನ ತಿರುವಿನಲ್ಲಿ ಅವರೆಕಾಯಿಯ ಸೊಗಡು ಮೂಗಿಗೆ ಬಡಿಯಿತು. ತಳ್ಳುಗಾಡಿಯ ತುಂಬ ಹಸಿರು ರಾಶಿ. ಹಿತುಕಿದ ಕಾಳೇ ಮನೆ ಬಾಗಿಲಿಗೆ ಬರುವ ಕಾಲ ಇದು, ಆದರೂ ಒಂದು ಚೀಲ ಕಾಯಿ ಹೊತ್ತು ತಂದೆ. ಸುಲಿಯುತ್ತ ಕೂತಾಗ ಬೆರಳಿಗೆಲ್ಲ ಅದರ ಎಣ್ಣೆಜಿಡ್ಡು ಹತ್ತಿ, ತ್ಯಾಗರಾಜನಗರದ ನಮ್ಮ ಹಳೇ ಮನೆಯ ನಡುಮನೆ ಕಣ್ಣಿಗೆ ಕಟ್ಟಿತು. ಆ ತಣ್ಣನೆಯ ಕೆಂಪು ನೆಲ, ಗೋಡೆಗೆ ಒರಗಿ ಕೂರುತ್ತಿದ್ದ ನಮ್ಮಜ್ಜಿ. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಇದೆ.

ಅಜ್ಜಿ ಎಂದರೆ ಅಪ್ಪನ ತಾಯಿ. ಅಡುಗೆಮನೆಯಲ್ಲಿ ಅವರದೇ ದರ್ಬಾರು. ಸ್ನಾನವಾಗದೆ ಯಾರೂ ಒಲೆ ಮುಟ್ಟುವಂತಿರಲಿಲ್ಲ. ಹಿಂದಿನ ದಿನ ಹೆಚ್ಚಿಟ್ಟ ತರಕಾರಿ, ಬೇಯಿಸದಿದ್ದರೂ ಸರಿ, ಅವರ ಪಾಲಿಗೆ ತಂಗಳು. ಫ್ರಿಜ್ಜಿಗೆ ‘ತಂಗಳು ಪೆಟ್ಟಿಗೆ’ ಎಂದೇ ಹೆಸರಿಟ್ಟಿದ್ದರು. ನಸುಕಿನಲ್ಲೇ ಎದ್ದು ಮಿಂದು, ತರಕಾರಿ ಹೆಚ್ಚಿ, ಹುಳಿ ಕುದಿಸಿ, ಅಮ್ಮ ಆಫೀಸಿಗೆ ಹೊರಡುವಷ್ಟರಲ್ಲಿ ಡಬ್ಬಿ ಕಟ್ಟಿಡುತ್ತಿದ್ದವರು ಅವರೇ ಆದ್ದರಿಂದ ಆ ಕಟ್ಟುನಿಟ್ಟು ಯಾರಿಗೂ ಭಾರವಾಗಿರಲಿಲ್ಲ. ಒಂದು ಮಳೆಗಾಲ ಅಜ್ಜಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಮೂಳೆ ಕೂಡಿತು, ಹಿಡಿತ ಬರಲಿಲ್ಲ. ಅಡುಗೆಯೆಲ್ಲ ಅಮ್ಮನ ತಲೆಗೆ ಬಂತು. ದಿನವೂ ಬಸ್ಸು ತಪ್ಪುವುದು, ಆಫೀಸಿನಲ್ಲಿ ಮಾತು ಕೇಳುವುದು. ಕೆಲವು ದಿನ ಹೋಟೆಲಿನಿಂದ ತರಿಸಿದೆವು, ನನ್ನ ಹೊಟ್ಟೆ ಕೆಟ್ಟಿತು. ಅಪ್ಪನಿಗೆ ಕಾಫಿ ಬೆರೆಸುವುದರಿಂದ ಆಚೆಗಿನ ಪಾಕಶಾಸ್ತ್ರ ಗೊತ್ತಿರಲಿಲ್ಲ.

ಅವರೆಯ ಕಾಲ ಬಂದಿತ್ತು. ಒಂದು ಸಂಜೆ ಎಲ್ಲರೂ ಕಾಯಿ ಸುಲಿಯುತ್ತ ಕೂತಿದ್ದಾಗ ಅಮ್ಮ ತಲೆ ಎತ್ತದೆ, “ಕೆಲಸ ಬಿಟ್ಬಿಡ್ತೀನಿ ಅತ್ತೆ. ಎರಡೂ ಕಡೆ ನನ್ನ ಕೈಲಾಗ್ತಿಲ್ಲ” ಎಂದಳು. ಇಸ್ತ್ರಿ ಮಾಡಿದ ಹತ್ತಿ ಸೀರೆಯುಟ್ಟು ಬಸ್‌ಸ್ಟಾಪಿನತ್ತ ಬಿರಬಿರನೆ ನಡೆಯುವ ಅಮ್ಮನೇ ನನಗೆ ಗೊತ್ತಿದ್ದ ಅಮ್ಮ. ನನಗೆ ಅಳು ಬಂತು. ಅಜ್ಜಿ ಎಡಗೈಯಲ್ಲಿ ಬಿಡಿಸಿದ ಕಾಳನ್ನು ನೀರಿನ ಪಾತ್ರೆಗೆ ಹಾಕಿದರು. ಆಮೇಲೆ ಹೇಳಿದರು: “ಸುಧಾ, ಈ ಕಾಳು ರಾತ್ರಿಯೆಲ್ಲ ನೀರಲ್ಲಿ ನೆನೆಯುತ್ತೆ, ಬೆಳಗ್ಗೆ ಹಿತುಕ್ತೀವಿ. ಇದನ್ನ ಯಾವತ್ತಾದ್ರೂ ತಂಗಳು ಅಂದಿದೀವಾ? ಹುರುಳಿಕಾಯಿ ಮಾತ್ರ ಏನು ಪಾಪ ಮಾಡಿದೆ? ಸಂಜೆನೇ ಹೆಚ್ಚಿಟ್ಕೋ, ನಾವೆಲ್ಲ ಕೂತ್ಕೋತೀವಿ. ಕೆಲಸ ಬಿಡೋ ಮಾತು ಆಡ್ಬೇಡ.”

ಅಂದಿನಿಂದ ಸಂಜೆಯ ಕಾಫಿ ಆದಮೇಲೆ ಹಳೇ ಪೇಪರು ಹಾಸಿ ಕೂರುವುದು ಮನೆಯ ಪದ್ಧತಿಯಾಯಿತು. ಅಪ್ಪ ಹುರುಳಿಕಾಯಿ ಹೆಚ್ಚಿದರೆ ಅಜ್ಜಿ, “ಏನೋ ಇದು, ಪಲ್ಯಕ್ಕೆ ಹೆಚ್ಚಿದೀಯೋ, ಸೌದೆ ಸೀಳಿದೀಯೋ?” ಎಂದು ನಗಿಸುತ್ತಿದ್ದರು. ನಾನು ಬಟಾಣಿ ಬಿಡಿಸುತ್ತ ಸ್ಕೂಲಿನ ಕತೆ ಹೇಳುತ್ತಿದ್ದೆ. ಬೆಳಗ್ಗೆ ಅಮ್ಮ ಕುಕ್ಕರ್ ಕೂಗಿಸಿ ಒಗ್ಗರಣೆ ಕೊಟ್ಟರೆ ಮುಗಿಯಿತು, ಬಸ್ಸು ಸಿಗುತ್ತಿತ್ತು. ಅಜ್ಜಿಗೆ ಮಾತ್ರ ಆ ಹೊತ್ತಿನ ಊಟ ಸೇರದಾಯಿತು. “ವಯಸ್ಸಾಯ್ತು, ಹಸಿವಾಗಲ್ಲ. ಮೊಸರವಲಕ್ಕಿ ಸಾಕು” ಎನ್ನುತ್ತಿದ್ದರು. ಅಮ್ಮ ಅವಲಕ್ಕಿ ನೆನೆಸಿಟ್ಟು ಹೊರಡುತ್ತಿದ್ದಳು. ಹೀಗೆಯೇ ವರ್ಷಗಳು ಹೋದವು, ಅಮ್ಮನಿಗೆ ಪ್ರಮೋಷನ್ನೂ ಬಂತು.

ಅಜ್ಜಿ ತೀರಿಕೊಂಡು ವೈಕುಂಠ ಸಮಾರಾಧನೆ ಮುಗಿದ ಮೇಲಿನ ಮೊದಲ ಭಾನುವಾರ. ರಜೆಯ ದಿನವಾದ್ದರಿಂದ ಅಮ್ಮ ಎಂದಿನಂತೆ ಅವತ್ತು ಬೆಳಗ್ಗೆಯೇ ತರಕಾರಿ ಹೆಚ್ಚಿ ಹುಳಿ ಮಾಡಿದ್ದಳು. ಊಟವಾದ ಮೇಲೂ ಪಾತ್ರೆಯಲ್ಲಿ ಬಹಳ ಉಳಿದಿತ್ತು. “ಯಾಕೆ ಇಷ್ಟೊಂದು ಮಾಡ್ದೆ?” ಎಂದರು ಅಪ್ಪ. “ಭಾನುವಾರ ಅಲ್ವಾ? ಅತ್ತೆ ಎರಡೆರಡು ಸಲ ಹಾಕಿಸ್ಕೋತಿದ್ರಲ್ಲ, ಅದೇ ಅಳತೆ...” ಎಂದ ಅಮ್ಮ ಅಲ್ಲಿಗೇ ನಿಲ್ಲಿಸಿದಳು. ಸೌಟು ಕೈಯಲ್ಲಿ ಹಿಡಿದೇ ಪಾತ್ರೆಯೊಳಗೆ ನೋಡಿದಳು. “ಭಾನುವಾರ ಮಾತ್ರ ಹಸಿವಾಗ್ತಿತ್ತಾ ಅವರಿಗೆ?” ಎಂದಳು.

ಈಗ ನನ್ನ ಫ್ರಿಜ್ಜಿನಲ್ಲೂ ಸಂಜೆ ಹೆಚ್ಚಿದ ತರಕಾರಿಯ ಡಬ್ಬಿಗಳಿವೆ. ದುಡಿಯುತ್ತ ಮನೆಯೂಟ ಹೇಗೆ ಸಾಧ್ಯ ಎಂದು ಆಫೀಸಿನ ಹುಡುಗಿಯರು ಕೇಳಿದಾಗ, ಬಹಳ ಸುಲಭ, ಹಿಂದಿನ ಸಂಜೆಯೇ ಹೆಚ್ಚಿಟ್ಟುಕೊಳ್ಳಿ ಎನ್ನುತ್ತೇನೆ. ನಮ್ಮ ಮನೆಯಲ್ಲಿ ಅದಕ್ಕಾಗಿ ಹಸಿದುಕೊಂಡಿದ್ದವರ ವಿಷಯ ಮಾತ್ರ ಹೇಳಲು ಬಾಯಿ ಬರುವುದಿಲ್ಲ.